ಹಸುವಿನ ಹಾಲಿಗೆ ಎಮ್ಮೆಯ ಅಳತೆ

ನಿಮ್ಮೂರ ಡೈರಿಯ ಕಂಪ್ಯೂಟರಿನಲ್ಲಿ ಓಡುವ ಸಾಫ್ಟ್‌ವೇರನ್ನು ಒಬ್ಬನೇ ಮನುಷ್ಯ ಬರೆದಿಲ್ಲ. ಅದರ ಬಹುಪಾಲು ತುಂಡುಗಳನ್ನು ಬರೆದವರ ಮುಖವನ್ನು ನೀವೂ ನೋಡಿಲ್ಲ, ಅದನ್ನು ನಿಮಗೆ ಮಾರಿದವನೂ ನೋಡಿಲ್ಲ. ಬ್ಯಾಂಕಿನಲ್ಲೂ ಹಾಗೇ, ರೇಷನ್ ಅಂಗಡಿಯಲ್ಲೂ ಹಾಗೇ, ನಿಮ್ಮ ಅಂಗೈಯಲ್ಲಿರುವ ಫೋನಿನಲ್ಲೂ ಹಾಗೇ. ಇದೇನು ಗುಟ್ಟಲ್ಲ. ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ, ಅಷ್ಟೆ.

ಆ ತುಂಡುಗಳನ್ನು ಎಲ್ಲೆಲ್ಲಿಂದಲೋ ತಂದು, ಗಂಟು ಬಿಚ್ಚಿ, ಯಾವುದು ಎಲ್ಲಿರಬೇಕೋ ಅಲ್ಲಿ ಇಡುವುದಕ್ಕೇ ಒಂದು ಟೂಲ್ ಇದೆ. ಕಸುಬಿನವರು ಅದನ್ನು ಪ್ಯಾಕೇಜ್ ಮ್ಯಾನೇಜರ್ ಅನ್ನುತ್ತಾರೆ. ಮದುವೆ ಮನೆಯ ಉಗ್ರಾಣದವನ ಕೆಲಸ ಅಂದುಕೊಳ್ಳಿ. ಬಂದ ಮೂಟೆಯನ್ನು ಉಗ್ರಾಣದೊಳಗೆ ಇಳಿಸಿಕೊಳ್ಳಬೇಕು. ಒಂದು ಮೂಟೆಯ ಮೇಲೆ ‘ಉಗ್ರಾಣ ದಾಟಿ ಹಿಂದಕ್ಕೆ ಹೋಗು, ಒಲೆಯ ಮೇಲಿರುವ ಸಾರಿನ ಹಂಡೆಗೆ ಸುರಿ’ ಅಂತ ಬರೆದಿದ್ದರೆ? ಬುದ್ಧಿ ಇರುವವನು ‘ಯಾವನಯ್ಯ ಇದನ್ನ ಬರೆದೋನು’ ಎಂದು ತಡೆಯುತ್ತಾನೆ. ಇಲ್ಲದವನು ಬರೆದಂತೆಯೇ ಸುರಿದು ಕೈ ಒರೆಸಿಕೊಂಡು ಬರುತ್ತಾನೆ. ಕಂಪ್ಯೂಟರಿಗೆ ‘ಈ ಜಾಗ ದಾಟಿ ಆಚೆ ಹೋಗು’ ಅನ್ನಲು ಎರಡು ಚುಕ್ಕಿ, ಒಂದು ಓರೆಗೀಟು ಸಾಕು. ಅದನ್ನು ತಡೆಯದ ಟೂಲಿನಲ್ಲಿ ಇರುವ ದೋಷಕ್ಕೆ ಪಾತ್ ಟ್ರಾವರ್ಸಲ್ ಎಂದು ಹೆಸರು. ಆ ಸಂದಿಯಲ್ಲಿ ಕಳ್ಳರು ನುಗ್ಗುತ್ತಾರೆ ಎಂದು ಎಲ್ಲರೂ ಬರೆಯುತ್ತಾರೆ. ನಾನು ಬರೆಯುತ್ತಿರುವುದು ಕಳ್ಳನಲ್ಲದ ಒಬ್ಬನ ವಿಚಾರ. ಒಳ್ಳೆಯವನು, ಕಷ್ಟಪಡುವವನು, ನಾಲ್ಕು ಜನಕ್ಕೆ ಬೇಕಾದವನು. ಅದಕ್ಕೇ ಸಿಟ್ಟು ಬರುತ್ತದೆ.

ಅವನ ಹೆಸರು ಓಬಳರಾಜು. ಮಧುಗಿರಿಯವನು. ಬೆಟ್ಟದ ಬುಡದಲ್ಲಿ, ಕೋಟೆಯ ಕೆಳಗಿನ ಬೀದಿಯಲ್ಲಿ ಮನೆ. ಅವರ ಹಿರೀಕರು ಆ ಕೋಟೆಗೆ ಕಲ್ಲು ಹೊತ್ತರೋ, ಕಾವಲು ಕಾದರೋ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಬಂದವರ ಮುಖ ನೋಡಿ ಎರಡರಲ್ಲಿ ಒಂದು ಹೇಳುತ್ತಾರೆ. ಅಪ್ಪ ಗಾರೆ ಕೆಲಸ ಮಾಡುತ್ತ ತೀರಿಕೊಂಡರು. ಅವ್ವ ಹೊನ್ನಕ್ಕ ಬಸ್‌ಸ್ಟ್ಯಾಂಡಿನ ಹತ್ತಿರ ಹೂವು ಕಟ್ಟಿ ಮಾರುತ್ತಾಳೆ. ಡಿಪ್ಲೊಮಾ ಮುಗಿಸಿದವನು ಊರಿನಲ್ಲೇ, ಟೈರ್ ಅಂಗಡಿಯ ಮೇಲಿರುವ ಒಂದು ಕೋಣೆಯ ಆಫೀಸಿಗೆ ಸೇರಿಕೊಂಡ. ಮಾಲೀಕ ಚೇತನ್ ಕುಮಾರ್. ಹಳ್ಳಿ ಡೈರಿಗಳಿಗೆ ಸಾಫ್ಟ್‌ವೇರ್ ಮಾಡಿ ಕೊಡುವುದು ಅವರ ವ್ಯಾಪಾರ. ರೈತರು ತಂದ ಹಾಲಿನಲ್ಲಿ ಒಂದು ಲೋಟ ತೆಗೆದು ಮಷಿನ್‌ಗೆ ಇಟ್ಟರೆ ಫ್ಯಾಟು ಎಷ್ಟು, ಗಟ್ಟಿತನದ ಡಿಗ್ರಿ ಎಷ್ಟು, ನೀರು ಬೆರೆತಿದೆಯೋ ಇಲ್ಲವೋ ಎಂದು ಪರದೆಯ ಮೇಲೆ ಬರುತ್ತದಲ್ಲ, ಅದು.

ಬರೆಯುವುದೂ ಓಬಳರಾಜು, ಬೈಕಿನಲ್ಲಿ ಹೋಗಿ ರಿಪೇರಿ ಮಾಡುವುದೂ ಓಬಳರಾಜು. ಬೆಳಿಗ್ಗೆ ಕೊರಟಗೆರೆ ಕಡೆ, ಮಧ್ಯಾಹ್ನ ಶಿರಾ ಕಡೆ, ಮಾರನೇ ದಿನ ಪಾವಗಡ. ಹಳೇ ಸ್ಟೀಲ್ ಟಿಫನ್ ಡಬ್ಬಿಯಲ್ಲಿ ಊಟದ ಬದಲು ಪೆನ್‌ಡ್ರೈವ್‌ಗಳು. ಡೈರಿಗಳಲ್ಲಿ ಅವನನ್ನು ಪೆನ್‌ಡ್ರೈವ್ ರಾಜು ಅಂತಲೇ ಕರೆಯುತ್ತಿದ್ದರು. ಅವನಿಗೆ ಒಳಗೊಳಗೇ ಖುಷಿ.

ಈ ಕತೆಯ ಪೆನ್‌ಡ್ರೈವ್ ಹುಟ್ಟಿದ್ದು ಪಾವಗಡದ ಕಡೆಯ ತಿರುಮಣಿಯಲ್ಲಿ. ಸೋಲಾರ್ ಪಾರ್ಕಿನ ಪಕ್ಕದ ಆ ಕಡೆಯ ಡೈರಿಗೆ ಎಮ್ಮೆ ಹಾಲು ಬರುವುದೇ ಹೆಚ್ಚು. ಎಮ್ಮೆ ಹಾಲು ಗಟ್ಟಿ. ಅದನ್ನು ಅಳೆಯಲು ಮಷಿನ್‌ಗೆ ಬೇರೆ ಲೆಕ್ಕ ಕೊಡಬೇಕು. ಆ ಲೆಕ್ಕ ಇರುವ ಸೆಟ್ಟಿಂಗ್ ಫೈಲನ್ನು ಆಗಾಗ ಬದಲಿಸಬೇಕಾಗುತ್ತಿತ್ತು. ಅಲ್ಲಿ ನೆಟ್‌ವರ್ಕ್ ಬರುವುದು ಹೋಗುವುದು ದೇವರ ಇಚ್ಛೆ. ಕಾರ್ಯದರ್ಶಿ ಲಕ್ಷ್ಮೀಪತಿ ಒಂದು ದಿನ ಅವನನ್ನು ಬಾಗಿಲಲ್ಲೇ ಹಿಡಿದುಕೊಂಡು, ಗಡಿಯವರ ತೆಲುಗು ಬೆರೆತ ಮಾತಿನಲ್ಲಿ ‘ಮತ್ತೆ ಬಂದೆಯಾ’ ಎಂದು ಶುರು ಮಾಡಿದ.

“ಏಮಪ್ಪಾ ರಾಜು, ಮಳ್ಳಾ ವಚ್ಚಿನಾವಾ? ಆ ಕಡೆ ನೋಡು, ಕಣ್ಣು ಹಾಯೋ ಗಂಟ ಕರೆಂಟು ಬೆಳೀತಾವ್ರೆ. ಭೂಮಿ ನಮ್ದು. ನಮ್ ಡೈರಿ ಬಲ್ಬು ಮಾತ್ರ ಮಿಣಕ್ ಮಿಣಕ್. ಇದರ ಮಧ್ಯೆ ನೀನು ಫೋನಾಗೆ ಆ ಫೋಲ್ಡ್ರು ತೆಗಿ, ಈ ಫೈಲು ಅಂಟ್ಸು ಅಂತೀಯ. ನಾಕು ಅರ್ಥಂ ಕಾದು ನಾಯನಾ. ಒಂದು ಗುಂಡಿ ಒತ್ತಿದ್ರೆ ಆಗೋ ಹಂಗೆ ಮಾಡಿ ಕೊಡು.”

“ಒಂದೇ ಗುಂಡಿಗೆ ಹೆಂಗಣ್ಣ ಆಗ್ತದೆ?”

“ಲಿಫ್ಟು ಒಂದೇ ಗುಂಡಿಗೆ ಮೇಲಕ್ಕೆ ಹೋಗಲ್ವಾ? ಹಂಗೆ.”

ಓಬಳರಾಜು ಮಾಡಿಕೊಟ್ಟ. ಸಾಫ್ಟ್‌ವೇರಿನ ತುಂಡುಗಳನ್ನು ಪೆನ್‌ಡ್ರೈವಿನಲ್ಲಿ ಗಂಟು ಕಟ್ಟುವಾಗ, ಎಮ್ಮೆಯ ಸೆಟ್ಟಿಂಗ್ ಫೈಲನ್ನೂ ಅದರಲ್ಲೇ ಸೇರಿಸಿ, ಅದರ ಹೆಸರಿನ ಮೊದಲಿಗೆ ಎರಡು ಚುಕ್ಕಿ, ಓರೆಗೀಟು ಹಾಕಿದ. ಗಂಟು ಬಿಚ್ಚಿದ ಕೂಡಲೇ ಆ ಫೈಲು ತನ್ನ ಜಾಗ ದಾಟಿ, ಹಾಲಿನ ಲೆಕ್ಕ ಇರುವ ಜಾಗಕ್ಕೆ ನಡೆದು ಹೋಗಿ, ಹಳೆಯದನ್ನು ಅಳಿಸಿ ತಾನು ಕೂರುತ್ತಿತ್ತು. ಅವನು ಬಳಸುತ್ತಿದ್ದ ಟೂಲ್ ಅದನ್ನು ತಡೆಯುವಂಥದ್ದಲ್ಲ. ಆ ಟೂಲಿನಲ್ಲಿ ತೂತು ಇತ್ತು, ಅವನಿಗೆ ಗೊತ್ತಿತ್ತು, ಆ ತೂತಿನಲ್ಲೇ ದಾರಿ ಮಾಡಿಕೊಂಡ. ಲಕ್ಷ್ಮೀಪತಿ ಗುಂಡಿ ಒತ್ತಿ ಕೈ ಮುಗಿದ. “ನುವ್ವು ದೇವುಡು ಸ್ವಾಮೀ” ಅಂದ. ಒಂದು ಊರಿಗೆ ಮಾಡಿದ್ದನ್ನು ಓಬಳರಾಜು ಎಲ್ಲಾ ಊರಿಗೂ ಮಾಡಿದ. ಹಸುವಿನ ಊರಿಗೆ ಹಸುವಿನ ಗಂಟು, ಎಮ್ಮೆಯ ಊರಿಗೆ ಎಮ್ಮೆಯ ಗಂಟು.

ಆಮೇಲೆ ಆ ಟೂಲನ್ನು ಬರೆದ ಯಾರೋ ದೂರದ ಪುಣ್ಯಾತ್ಮರು ತೂತನ್ನು ಮುಚ್ಚಿದರು. ಹೊಸ ಆವೃತ್ತಿ ಬಿಟ್ಟು, ಹಳೆಯದನ್ನು ಬಳಸಬೇಡಿ, ಫೈಲುಗಳು ತಮ್ಮ ಜಾಗ ದಾಟಿ ಬೇರೆ ಕಡೆ ಬರೆಯುತ್ತವೆ ಎಂದು ಎಚ್ಚರಿಕೆಯನ್ನೂ ಕೊಟ್ಟರು. ಓಬಳರಾಜು ಹೊಸದನ್ನು ಹಾಕಿ ನೋಡಿದ. ಅದು ಅವನ ಗಂಟುಗಳನ್ನು ಬಾಗಿಲಲ್ಲೇ ತಡೆಯಿತು. ಎಲ್ಲಾ ಡೈರಿಗೂ ಮತ್ತೆ ತಿರುಗಬೇಕು, ಎಲ್ಲಾ ಕಾರ್ಯದರ್ಶಿಗೂ ಮತ್ತೆ ಕಲಿಸಬೇಕು. ಚೇತನ್ ಕುಮಾರನನ್ನು ಕೇಳಿದ.

“ಓಡ್ತಿರೋ ಗಾಡಿಗೆ ಯಾಕಪ್ಪ ಸ್ಪ್ಯಾನರ್ ಹಾಕ್ತೀಯ?” ಅಂದ ಚೇತನ್ ಕುಮಾರ್. “ಗೌಡಗೆರೆ ಡೈರಿಗೆ ಬಂದು ಯಾವ ಹ್ಯಾಕರ್ ಹಾಲು ಕುಡೀತಾನೆ?”

ಇಬ್ಬರೂ ನಕ್ಕರು. ಓಬಳರಾಜು ಹಳೆಯದಕ್ಕೇ ಬೀಗ ಹಾಕಿದ, ಹೊಸದು ತಾನಾಗಿ ಬರದ ಹಾಗೆ. ಎಚ್ಚರಿಕೆಯ ಆ ಸಾಲು ಪರದೆಯ ಮೇಲೆ ಮತ್ತೆ ಮತ್ತೆ ಬಂದು ಕಣ್ಣು ಚುಚ್ಚುತ್ತಿತ್ತು. ಅದನ್ನೂ ಬರದಂತೆ ಮಾಡಿದ.

ಈಗ ನಮ್ಮ ಕಡೆಯ ಒಂದು ಗುಣ ಹೇಳಬೇಕು. ನಮ್ಮಲ್ಲಿ ಹೆಪ್ಪು ಇಲ್ಲ ಅಂದರೆ ಪಕ್ಕದ ಮನೆಯಿಂದ ತರುತ್ತೇವೆ. ಯಾರೂ ಇಲ್ಲ ಅನ್ನುವುದಿಲ್ಲ. ಯಾವ ಹಸುವಿನದು, ಯಾವ ಹಾಲಿನದು ಎಂದೂ ಕೇಳುವುದಿಲ್ಲ, ಹೆಪ್ಪು ಹೆಪ್ಪೇ. ಪೆನ್‌ಡ್ರೈವನ್ನೂ ನಮ್ಮವರು ಹಾಗೇ ತಿಳಿದರು. ಶಿರಾ ಕಡೆ, ಗೌಡಗೆರೆ ಪಕ್ಕದ ಒಂದು ಊರಿನ ಡೈರಿ ಕಾರ್ಯದರ್ಶಿ ನೆಂಟರ ನಾಮಕರಣಕ್ಕೆ ಪಾವಗಡದ ಕಡೆ ಹೋಗಿದ್ದಾಗ, ಊಟದ ಪಂಕ್ತಿಯಲ್ಲಿ ಪಕ್ಕ ಕೂತವನು ಲಕ್ಷ್ಮೀಪತಿ. ನಮ್ಮ ಸಿಸ್ಟಂ ಯಾಕೋ ಮೊಂಡು ಬಿದ್ದೈತೆ ಎಂದು ಇವನು ಹೇಳಿಕೊಂಡ. ರಾಜು ಕೊಟ್ಟಿರೋದು ನನ್ನತ್ರ ಐತೆ, ತಗೊಂಡೋಗು, ಅದೇನು ಸವೆಯುತ್ತಾ, ಎಂದು ಅವನು ಜೇಬಿನಿಂದ ತೆಗೆದುಕೊಟ್ಟ. ಇವನು ಊರಿಗೆ ಬಂದು ಚುಚ್ಚಿ ಗುಂಡಿ ಒತ್ತಿದ. ಸಿಸ್ಟಂ ಚುರುಕಾಯಿತು. ಎಮ್ಮೆಯ ಲೆಕ್ಕ ತನ್ನ ಜಾಗ ದಾಟಿ ಬಂದು ಹಸುವಿನ ಲೆಕ್ಕದ ಮೇಲೆ ಕೂತಿತು. ಯಾರಿಗೂ ಗೊತ್ತಾಗಲಿಲ್ಲ.

ಆ ಊರಿನಲ್ಲಿ ಹಾಲು ಪರೀಕ್ಷೆ ಮಾಡುವವಳು ಸುನಿತಾ. ಊರಾಚೆಯ ಕಾಲೋನಿಯವಳು. ಮನೆಯ ಗೋಡೆಯ ಮೇಲೆ ಬುದ್ಧನ ಪಟ ಇದೆ. ಪಿಯುಸಿ ಓದಿ, ತರಬೇತಿ ಪಡೆದು, ಅರ್ಜಿ ಹಾಕಿ ಸಿಕ್ಕ ಕೆಲಸ. ಅವಳು ಆ ಟೇಬಲ್ ಹಿಂದೆ ಕೂತ ಹೊಸದರಲ್ಲಿ ಕೆಲವರು ಹಾಲು ತರುವುದನ್ನೇ ಬಿಟ್ಟಿದ್ದರು. ಹತ್ತಿರ ಬೇರೆ ಡೈರಿ ಇಲ್ಲದೆ ತಿರುಗಿ ಬಂದರು. ಲೋಟವನ್ನು ಅವಳ ಕೈಯಿಂದ ತೆಗೆದುಕೊಳ್ಳದೆ ಟೇಬಲ್ ಮೇಲೆ ಇಡಿಸಿಕೊಳ್ಳುತ್ತಿದ್ದ ಮುದುಕರೂ ಕ್ರಮೇಣ ಕೈಗೇ ತೆಗೆದುಕೊಳ್ಳುವಂತಾದರು. ಕಾಲೋನಿಯ ಹೆಣ್ಣುಮಗಳೊಬ್ಬಳು ಊರಿನ ಹಾಲಿಗೆ ಇಷ್ಟು ಎಂದು ಹೇಳುವುದು, ಊರು ಅದನ್ನು ಕೇಳುವುದು. ಆ ಕುರ್ಚಿ ಅವಳಿಗೆ ಬರೀ ಸಂಬಳವಾಗಿರಲಿಲ್ಲ.

ಆ ಬೆಳಿಗ್ಗೆ ಮೊದಲ ಲೋಟಕ್ಕೇ ಪರದೆಯ ಮೇಲೆ ನೀರು ಬೆರೆತಿದೆ ಎಂದು ಬಂತು. ಎರಡನೆಯದಕ್ಕೂ ಹಾಗೇ. ಗಟ್ಟಿ ಹಾಲಿನ ಲೆಕ್ಕದಲ್ಲಿ ಅಳೆದರೆ ಹಸುವಿನ ಹಾಲು ನೀರಾಗಿಯೇ ಕಾಣುತ್ತದೆ. ನಾಗರತ್ನಮ್ಮ ಎಂಬಾಕೆ ಕ್ಯಾನನ್ನು ನೆಲಕ್ಕೆ ಕುಕ್ಕಿದಳು.

“ನನ್ ಕೈಯಾರ ಕರೆದಿದ್ದು ಕಣಮ್ಮ. ಹಟ್ಟಿಯಿಂದ ಸೀದಾ ತಂದೀವ್ನಿ. ಇದರಾಗೆ ನೀರೆಲ್ಲಿಂದ ಬಂತು? ನಿನ್ ಲೋಟದಾಗಿಂದ ಬಂತೇನೋ, ತೊಳ್ದು ಒರೆಸ್ದೆ ಹಂಗೇ ಇಟ್ಟಿದ್ಯಾ?”

“ಒರೆಸಿದೀನಿ ಅಕ್ಕ. ಮಷಿನ್ ಹಂಗೆ ತೋರಿಸ್ತೈತೆ, ನಾನೇನು ಮಾಡ್ಲಿ?”

“ನೆನ್ನೆ ಗಂಟ ತೋರಿಸ್ಲಿಲ್ಲ, ಇವತ್ತು ತೋರಿಸ್ತೈತಾ? ಮಷಿನ್‌ಗೆ ರಾತ್ರೋರಾತ್ರಿ ಬುದ್ಧಿ ಬಂತಾ?”

ಸಾಲಿನಲ್ಲಿದ್ದವರು ನಕ್ಕರು. ಹಾಲಿನ ಸಂಘದ ಅಧ್ಯಕ್ಷ ವೀರಭದ್ರಯ್ಯನವರ ಮನೆಯ ಹಾಲಿಗೂ ನೀರು ಎಂದು ಬಂದಾಗ ನಗು ನಿಂತಿತು. ಹಿಂದಿನಿಂದ ಯಾರೋ, ಇವತ್ತಿಗೂ ಯಾರೆಂದು ಯಾರೂ ಒಪ್ಪಿಕೊಂಡಿಲ್ಲ, ಜೋರಾಗಿ ಕೂಗಿದ: “ಮೊದ್ಲು ಕೈ ಬದಲಾಯಿಸ್ರಪ್ಪ!”

ವೀರಭದ್ರಯ್ಯ ಸುನಿತಾಳನ್ನು ಮನೆಗೆ ಹೋಗು ಅಂದರು. ಎಷ್ಟು ದಿನಕ್ಕೆ ಎಂದು ಹೇಳಲಿಲ್ಲ. ಆಮೇಲೆ ಚೇತನ್ ಕುಮಾರನ ಆಫೀಸಿಗೆ ಫೋನ್ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಓಬಳರಾಜು ಬೈಕಿನಲ್ಲಿ ಬಂದ. ಕಂಪ್ಯೂಟರ್ ತೆರೆದ ಕೂಡಲೇ ಅವನಿಗೆ ತಿಳಿಯಿತು. ಹಸುವಿನ ಫೈಲು ಇರಬೇಕಾದ ಜಾಗದಲ್ಲಿ ಅವನೇ ಕಟ್ಟಿದ ಎಮ್ಮೆಯ ಫೈಲು ಕೂತಿತ್ತು. ಬೇರೆಯವರು ನೋಡುವ ಮೊದಲು ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡೆ ಎಂದು ಅವನು ನನಗೆ ಆಮೇಲೆ ಹೇಳಿದ. ಎಮ್ಮೆಯದನ್ನು ಅಳಿಸಿದ, ಹಸುವಿನದನ್ನು ಹಾಕಿದ, ಕಾರ್ಯದರ್ಶಿಗೆ ಆ ಪೆನ್‌ಡ್ರೈವ್ ಕೊಡಿ ಇಲ್ಲಿ ಎಂದು ಈಸಿಕೊಂಡು ಡಬ್ಬಿಗೆ ಹಾಕಿಕೊಂಡ.

“ಏನಾಗಿತ್ತಪ್ಪ?” ಎಂದರು ವೀರಭದ್ರಯ್ಯ.

“ಏನಿಲ್ಲ ಬುಡಿ, ಸಣ್ಣ ಪ್ರಾಬ್ಲಮ್ಮು. ಸರಿ ಹೋಯ್ತು.”

ಆ ಸಂಜೆ ಟೇಬಲ್ ಹಿಂದೆ ವೀರಭದ್ರಯ್ಯನವರ ಮನೆಯಲ್ಲೇ ಇರುವ ಅವರ ತಮ್ಮನ ಮಗಳು ಚೈತ್ರ ಕೂತಳು. ಎಲ್ಲರ ಹಾಲೂ ಸರಿ ಬಂತು. ಮಾರನೇ ಬೆಳಿಗ್ಗೆಯೂ ಸರಿ ಬಂತು.

ಇದನ್ನು ನಿಧಾನವಾಗಿ ಓದಿಕೊಳ್ಳಿ. ಅವನು ರಿಪೇರಿ ಮಾಡದೇ ಹೋಗಿದ್ದರೆ, ಚೈತ್ರ ಕೂತಾಗಲೂ ನೀರೇ ತೋರಿಸುತ್ತಿತ್ತು, ಸುನಿತಾಳದಲ್ಲ ತಪ್ಪು ಎಂದು ಊರಿಗೆ ತಾನಾಗಿಯೇ ತಿಳಿಯುತ್ತಿತ್ತು. ಅವನು ರಿಪೇರಿ ಮಾಡಿದ, ಬಾಯಿ ಬಿಡಲಿಲ್ಲ. ಊರಿಗೆ ಬೇಕಾಗಿದ್ದ ಸಾಕ್ಷಿಯನ್ನು ಅವನೇ ತಯಾರು ಮಾಡಿ ಕೊಟ್ಟು ಬಂದ.

ಆ ಸಾಕ್ಷಿಯ ಮಾತನ್ನು ಅವನು ಕೇಳಿದ್ದು ಶಿರಾದ ಟೀ ಹೋಟೆಲಿನಲ್ಲಿ, ಬನ್ನು ಅದ್ದಿಕೊಂಡು ತಿನ್ನುತ್ತಿದ್ದಾಗ. ಪಕ್ಕದ ಬೆಂಚಿನಲ್ಲಿ ಗೌಡಗೆರೆ ಕಡೆಯವನೊಬ್ಬ ಹೋಟೆಲಿನ ಸಾಹೇಬರಿಗೆ ಹೇಳುತ್ತಿದ್ದ.

“ಕೈ ಬದಲಾಯ್ತು ಸಾಬ್ರೆ, ಹಾಲು ಸರಿಯಾಯ್ತು. ಅಷ್ಟೇ ಕತೆ.”

“ಅರೆ, ಮಷಿನ್ ಖರಾಬ್ ಆಗಿತ್ತು ಅಂದ್ರಲ್ಲ?”

“ಮಷಿನ್ನೋನು ಬಂದು ನೋಡಿದ. ಏನಿಲ್ಲ ಬುಡಿ ಅಂತ ಅವನೇ ಹೇಳಿ ಹೋದ್ನಂತೆ.”

‘ಮಷಿನ್ನೋನು’ ಬನ್ನನ್ನು ಅರ್ಧಕ್ಕೇ ಬಿಟ್ಟು ಎದ್ದ. ತಾನು ಅಂದ ಮಾತೇ ಹೌದು. ಅದು ಹಾಗೆ ತಿರುಗಿ ನಿಲ್ಲುತ್ತದೆಂದು ತಿಳಿದಿರಲಿಲ್ಲ ಎಂದ ನನ್ನ ಹತ್ತಿರ. ತಿಳಿದಿರಲಿಲ್ಲವೋ, ತಿಳಿದುಕೊಳ್ಳಲು ಇಷ್ಟವಿರಲಿಲ್ಲವೋ ಎಂದು ನಾನು ಕೇಳಿದೆ.

ಮಧುಗಿರಿಗೆ ಬಂದವನು ಮಾಡಿದ ಮೊದಲ ಕೆಲಸ ಏನು ಗೊತ್ತೆ? ಬೀಗ ತೆಗೆದು ಹೊಸ ಟೂಲ್ ಹಾಕಿದ. ಚೇತನ್ ಕುಮಾರ್ ಬೇಡ ಅನ್ನಲಿಲ್ಲ, ನಡೆದದ್ದು ಕೇಳಿ ಅವನಿಗೂ ಒಳಗೇ ಭಯ ಹತ್ತಿತ್ತು. ಓಬಳರಾಜು ನಾಲ್ಕು ತಾಲ್ಲೂಕೂ ತಿರುಗಿ, ಡೈರಿ ಡೈರಿಗೂ ಹೋಗಿ, ಹಳೆಯದನ್ನು ಕಿತ್ತು ಹೊಸದನ್ನು ಕೂರಿಸಿದ. ಪೆನ್‌ಡ್ರೈವ್‌ಗಳನ್ನೆಲ್ಲ ವಾಪಸು ಪಡೆದ. ಕಾರ್ಯದರ್ಶಿಗಳು ಯಾಕೆ ಅಂದರೆ ಅಪ್‌ಡೇಟು ಅಂದ. ತೂತು ಮುಚ್ಚಿದ, ತೂತು ಇತ್ತೆಂದು ಒಬ್ಬರಿಗೂ ಹೇಳಲಿಲ್ಲ. ಕಸುಬಿನಲ್ಲಿ ದೊಡ್ಡ ದೊಡ್ಡವರೂ ಹೀಗೇ ಮಾಡುತ್ತಾರಂತೆ, ಸದ್ದಿಲ್ಲದೆ ತೇಪೆ ಹಾಕಿ ಎದ್ದು ಹೋಗುತ್ತಾರಂತೆ. ಆ ತೂತಿನಿಂದ ಯಾರಿಗೆ ಏನಾಗಿತ್ತು ಎಂಬುದು ತೇಪೆಯ ಕೆಳಗೇ ಉಳಿಯುತ್ತದೆ. ಇಲ್ಲಿ ತೇಪೆಯ ಕೆಳಗೆ ಇದ್ದದ್ದು ಸುನಿತಾ.

ಅವಳು ಸಿಕ್ಕಿದ್ದು ತಾವರೆಕೆರೆಯ ಬಸ್ ನಿಲ್ಲುವ ಜಾಗದಲ್ಲಿ. ಕಡಲೆಕಾಯಿ ಬಿಡಿಸುವ ಕೂಲಿಗೆ ಬಂದಿದ್ದಳು. ಸೆರಗಿನ ತುಂಬ ಮಣ್ಣು. ಓಬಳರಾಜು ನೋಡದವನಂತೆ ಬೈಕು ತಿರುಗಿಸಬೇಕೆಂದಿದ್ದ. ಅವಳೇ ಕೂಗಿದಳು.

“ರಾಜಣ್ಣ! ನಿಲ್ಲಿ ಒಸಿ. ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕಬ್ಯಾಡಿ. ಅವತ್ತು ನೀವು ಬಂದು ನೋಡಿದ್ರಲ್ಲ, ಮಷಿನ್ನಾಗೆ ಏನಿತ್ತು?”

“ಅದೂ... ವೋಲ್ಟೇಜು ಕಣಮ್ಮ.”

“ವೋಲ್ಟೇಜು ಅಂತ ಅವ್ರಿಗೆ ಹೇಳಿದ್ರಾ?”

ಅವನು ಹೆಲ್ಮೆಟ್ಟಿನ ಪಟ್ಟಿ ಸರಿ ಮಾಡಿಕೊಂಡ.

“ಹೇಳಿಲ್ಲ ಅಲ್ವಾ,” ಅಂದಳು ಸುನಿತಾ. ಸಿಟ್ಟಿನಿಂದಲ್ಲ. “ಹೋಗ್ಲಿ ಬುಡಿ. ಊರೋರು ಅಂದಿದ್ದಕ್ಕೆ ನಂಗೇನಿಲ್ಲ, ಅವ್ರು ಮೊದ್ಲಿಂದ್ಲೂ ಅನ್ನೋರೇ. ನಮ್ಮತ್ತೆ ಪಾಪಕ್ಕ ಅವ್ಳೆ ನೋಡಿ, ಆ ಕೆಲ್ಸಕ್ಕೆ ಸೇರು ಅಂತ ನನ್ನ ಕೈ ಹಿಡ್ಕೊಂಡು ಕರ್ಕೊಂಡೋದೋಳು. ಅವ್ಳೂ ಮೊನ್ನೆ ಕೇಳಿದ್ಲು. ನಿಜ ಹೇಳ್‌ಬುಡವ್ವ, ನೀರು ಗೀರು ಬಿತ್ತಾ ಅಂತ. ನಾನು ಇಲ್ಲ ಅಂದೆ. ಅಂದೆ, ಆಮೇಲೆ ನಂಗೇ ಅನುಮಾನ. ಆ ದಿನ ಲೋಟ ಒರೆಸಿದ್ನಾ ಇಲ್ವಾ? ಒರೆಸಿದ್ದು ಗ್ಯಾಪಕ ಐತೆ. ಆದ್ರೂ, ಇಷ್ಟು ಜನ ಹೇಳ್ತಾವ್ರೆ ಅಂದ್ರೆ ನಾನೇ ಏನಾರ ತಪ್ಪು ಮಾಡಿರ್ಬೋದಾ ಅಂತ.”

ಬಸ್ಸು ಬಂತು, ಅವಳು ಹತ್ತಿದಳು.

ಓಬಳರಾಜು ಮನೆಗೆ ಬಂದು ಮುದ್ದೆ ಮುರಿಯದೆ ಕೂತ. ಹೊನ್ನಕ್ಕ ಹೂವಿನ ಬುಟ್ಟಿ ಇಳಿಸಿ ಅವನ ಎದುರು ಕೂತಳು.

“ಏನ್ಲಾ ನಿನ್ ಮಕ, ಹಳಸಿದ ಅನ್ನ ಆದಂಗೆ ಆಗೈತೆ. ಯಾವ ಹುಡುಗಿ ಒಲ್ಲೆ ಅಂದ್ಳು?”

ಅವನು ನಗಲಿಲ್ಲ. ಎಲ್ಲವನ್ನೂ ಹೇಳಿದ. ಚುಕ್ಕಿ, ಗೀಟು, ಫೈಲು ಅವಳಿಗೆ ತಿಳಿಯಲಿಲ್ಲ. ಆದರೆ ಬೇಕಾದ್ದು ತಿಳಿಯಿತು.

“ಅಂದ್ರೆ ನೀನು ಮಾಡಿದ್ದು, ಅವ್ಳ ತಲೆ ಮೇಲೆ ಬಿತ್ತು.”

“ಬೇಕಂತ ಮಾಡ್ಲಿಲ್ಲ ಕಣವ್ವ.”

“ಮಾಡಿದ್ದು ಬೇಕಂತ ಅಲ್ಲ, ಸರಿ. ಮುಚ್ಕೊಂಡು ಬಂದ್ಯಲ್ಲ, ಅದು?”

ಅವನು ಮುದ್ದೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

“ಕೆಲ್ಸ ಹೋಯ್ತದೆ ಅಂತ ಹೆದ್ರಿಕೆಯಾ? ಹೋದ್ರೆ ಹೋಗ್ಲಿ ಅಂತ ನಾನು ಅನ್ನಾಕಿಲ್ಲ. ಹೋದ್ರೆ ಕಷ್ಟಾನೇ. ಆದ್ರೆ ಹಿಂಗೆ ಮಕ ಇಟ್ಕೊಂಡು ನನ್ನ ಮುಂದೆ ಉಣ್ಣಾಕೆ ಕೂರಬ್ಯಾಡ. ನಿಂಗಿಳಿಯಲ್ಲ, ನಿನ್ನ ನೋಡ್ತಾ ನಂಗೂ ಇಳಿಯಲ್ಲ.”

ಮಾರನೇ ದಿನ ಅವನು ಚೇತನ್ ಕುಮಾರನಿಗೆ ಹೇಳಿದ: ಹೋಗಿ ಹೇಳಿಬಿಡ್ತೀನಿ.

“ಹುಚ್ಚಾ ನಿಂಗೆ?” ಚೇತನ್ ಕುಮಾರ್ ಬಾಗಿಲು ಮುಚ್ಚಿದ. “ಒಂದು ಡೈರೀಲಿ ಹೇಳಿದ್ರೆ ಸಂಜೆ ಒಳಗೆ ಎಲ್ಲಾ ಡೈರಿಗೂ ಗೊತ್ತಾಗುತ್ತೆ. ಹಾಗಾದ್ರೆ ಹಿಂದೆ ನಮ್ಮೂರಲ್ಲೂ ತಪ್ಪು ತೋರಿಸಿತ್ತಾ ಅಂತ ಪ್ರತಿಯೊಬ್ಬನೂ ಕೇಳ್ತಾನೆ. ಏನು ಹೇಳ್ತೀಯ? ಟೂಲ್ ಬದಲಾಯಿಸಾಯ್ತು, ಇನ್ಮೇಲೆ ಆಗಲ್ಲ. ಮುಗೀತಲ್ಲ?”

“ಅವಳಿಗೆ ಮುಗ್ದಿಲ್ವಲ್ಲ ಸಾರ್.”

“ಅದು ಊರಿನ ರಾಜಕೀಯ ಕಣಯ್ಯ. ನಮ್ಮ ಸಾಫ್ಟ್‌ವೇರ್ ಅಲ್ಲ.”

ಚೇತನ್ ಕುಮಾರನನ್ನು ಬೈಯುವುದು ಸುಲಭ. ಆದರೆ ಅವನ ಮಾತು ಪೂರ್ತಿ ಸುಳ್ಳಲ್ಲ, ಅದೇ ಸಂಕಟ. ಕೈ ಬದಲಾಯಿಸಿ ಎಂದು ಕೂಗಿದವನ ಬಾಯಿಗೆ ಆ ಮಾತನ್ನು ಸಾಫ್ಟ್‌ವೇರ್ ಕೊಡಲಿಲ್ಲ. ಅದು ಅಲ್ಲೇ ಇತ್ತು, ನೆವ ಕಾಯುತ್ತಿತ್ತು. ನೆವ ಕೊಟ್ಟವನು ಓಬಳರಾಜು.

ಅವನು ಹೋದ. ಬೆಳಗಿನ ಹಾಲಿನ ಹೊತ್ತಿಗೇ ಹೋದ, ಸಾಲು ತುಂಬಿದ್ದಾಗ. ತನ್ನ ಲ್ಯಾಪ್‌ಟಾಪಿನಲ್ಲಿ ಹಳೆಯ ಟೂಲನ್ನು ಉಳಿಸಿಕೊಂಡಿದ್ದ. ಲ್ಯಾಪ್‌ಟಾಪನ್ನು ಮಷಿನ್‌ಗೆ ಜೋಡಿಸಿ, ತಿರುಮಣಿಯ ಆ ಪೆನ್‌ಡ್ರೈವ್ ಚುಚ್ಚಿದ.

“ಚೈತ್ರಾ, ನಿಮ್ಮನೆ ಹಾಲೇ ಒಂದು ಲೋಟ ಇಡಮ್ಮ. ನಿನ್ ಕೈಯಾರೆ ಇಡು.”

ಇಟ್ಟಳು. ನೀರು ಬೆರೆತಿದೆ ಎಂದು ಬಂತು.

“ಏಯ್, ಅಧ್ಯಕ್ಷರ ಮನೇಲಿ ಬೋರ್‌ವೆಲ್ ಹಾಲು ಕರೀತೈತಂತೆ ಕಣ್ರೋ!” ಎಂದು ಯಾರೋ ಅಂದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಚೈತ್ರಳ ಮುಖ ಕೆಂಪಾಯಿತು. ಓಬಳರಾಜು ಹಸುವಿನ ಫೈಲು ಹಾಕಿ ಅದೇ ಲೋಟವನ್ನು ಮತ್ತೆ ಇಡಿಸಿದ. ಸರಿ ಬಂತು.

“ಇದೇ ಆಗಿದ್ದು ಅವತ್ತು,” ಎಂದ. “ಎಮ್ಮೆ ಲೆಕ್ಕ ಬಂದು ಹಸು ಲೆಕ್ಕದ ಮೇಲೆ ಕೂತಿತ್ತು. ಕೂರೋ ಹಂಗೆ ಮಾಡಿಟ್ಟಿದ್ದೋನು ನಾನು. ಮಾಡ್ಬ್ಯಾಡ ಅಂತ ಎಚ್ಚರಿಕೆ ಬಂದಿತ್ತು, ನಾನೇ ಮುಚ್ಚಿಟ್ಟೆ. ಅವತ್ತು ಇಲ್ಲಿ ನೋಡ್ದಾಗ್ಲೂ ಗೊತ್ತಾಯ್ತು, ಆಗ್ಲೂ ಮುಚ್ಚಿಟ್ಟೆ. ಸುನಿತಮ್ಮ ಲೋಟ ಒರೆಸಿದ್ಲು. ನೀರು ಹಾಕಿಲ್ಲ.”

ಯಾರೂ ನಗಲಿಲ್ಲ. ನಾಗರತ್ನಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ಅಯ್ಯೋ ನನ್ ನಾಲ್ಗೆ ಸೇದೋಗ. ಬಾಯಿಗ್ ಬಂದಂಗೆ ಅಂದ್ಬುಟ್ಟೆ ಆ ಮಗೀಗೆ” ಅಂದಳು.

ವೀರಭದ್ರಯ್ಯ ಕೂತಲ್ಲಿಂದ ಏಳಲಿಲ್ಲ. “ಆಯ್ತು ಕಣಪ್ಪ. ಒಪ್ಕೊಂಡ್ಯಲ್ಲ, ದೊಡ್ಡತನ. ಈಗ ಮಷಿನ್ ಸರಿ ಐತೆ, ಹುಡುಗಿ ಕೂತವ್ಳೆ, ಹಾಲು ಹೋಗ್ತೈತೆ. ಹಳೇದ್ನ ಯಾಕೆ ಕೆದಕೋದು?”

“ಹಂಗಾದ್ರೆ ಸುನಿತಮ್ಮ?”

“ಸಭೇಲಿ ನೋಡಾನ.”

ಸಭೆ ಆಯಿತು. ಮೇವಿನ ಮಾತು ಬಂತು, ಹೊಸ ಕ್ಯಾನಿನ ಮಾತು ಬಂತು. ಸುನಿತಾಳ ಮಾತನ್ನು ಎತ್ತಿದವರಿಗೆ ಒಬ್ಬರು ಹೇಳಿದರಂತೆ: ತಪ್ಪು ಅವಳದಲ್ಲ, ನಿಜ, ಆದರೆ ಈಗ ಎಲ್ಲಾ ಹೊಂದಿಕೊಂಡಿದೆ, ಅವಳು ಕೂತಿದ್ದಾಗ ಕೆಲವರಿಗೆ ಮನಸ್ಸಿರಲಿಲ್ಲ, ಸಂಘದ ಹಿತವನ್ನೂ ನೋಡಬೇಕಲ್ಲ. ಯಾರೂ ಎದುರು ಮಾತಾಡಲಿಲ್ಲ. ಎಲ್ಲರಿಗೂ ಪಾಪ ಅನ್ನಿಸಿತ್ತು. ಪಾಪ ಅನ್ನಿಸಿಕೊಂಡೇ ಎದ್ದು ಮನೆಗೆ ಹೋದರು.

ಚೇತನ್ ಕುಮಾರ್ ಓಬಳರಾಜುವನ್ನು ಕೆಲಸದಿಂದ ತೆಗೆಯಲಿಲ್ಲ, ನಾಲ್ಕು ತಾಲ್ಲೂಕಿನ ಡೈರಿಗಳೂ ಗೊತ್ತಿರುವವನು ಬೇರೆ ಇಲ್ಲ. ಮಾತು ಮಾತ್ರ ಬಿಟ್ಟಿದ್ದಾನೆ. ಓಬಳರಾಜು ಆಮೇಲೆ ಪ್ರತಿ ಡೈರಿಗೂ ಹೋಗಿ, ನಿಮ್ಮಲ್ಲೂ ಈ ತೂತು ಇತ್ತು, ನಾನೇ ಇಟ್ಟಿದ್ದೆ ಎಂದು ಹೇಳಿ ಬಂದ. ಕೊರಟಗೆರೆಯಲ್ಲಿ ಒಬ್ಬರು ಬೈದು ಕಳಿಸಿದರು. ತಿರುಮಣಿಯಲ್ಲಿ ಲಕ್ಷ್ಮೀಪತಿ ತಲೆ ಹಿಡಿದುಕೊಂಡು, “ಅಯ್ಯಯ್ಯೋ, ಕೊಟ್ಟಿದ್ದು ನಾನೇ ಕದಾ” ಎಂದು ಕೂತುಬಿಟ್ಟ. ಸುನಿತಾಳ ಮನೆಗೂ ಹೋಗಿದ್ದ. ಪಾಪಕ್ಕ ಬಾಗಿಲಲ್ಲೇ ನಿಲ್ಲಿಸಿ ಕೇಳಿದಳಂತೆ, “ಈಗ ಬಂದು ಹೇಳಿದ್ಯಲ್ಲ ಮಗ, ನಾನು ಇವ್ಳನ್ನ ಕೇಳಿದ್ದ ವಾಪಸ್ ತಗೊಳಾಕಾಯ್ತದಾ?” ಸುನಿತಾ ಒಳಗಿನಿಂದ ನೀರು ತಂದು ಕೊಟ್ಟಳು, ಕುಡಿದು ಬಂದ. ಇದನ್ನು ಬರೆಯಲೇ ಎಂದು ಓಬಳರಾಜುವನ್ನೂ ಸುನಿತಾಳನ್ನೂ ಕೇಳಿದೆ. ಹೆಸರು ಹಾಕಿಯೇ ಬರೀರಿ ಅಂದರು, ಇಬ್ಬರೂ.

ಓಬಳರಾಜು ಮಾಡಿದ್ದು ತಪ್ಪು. ತಡವಾಗಿಯಾದರೂ ತನ್ನ ತಪ್ಪಿನ ಹೆಸರು ಹೇಳಿ, ಅದು ಯಾರ ತಲೆಗೆ ಬಿತ್ತು ಎಂದೂ ಹೇಳಿದ. ಅವನ ಕೈಯಲ್ಲಿ ಇದ್ದದ್ದು ಅಷ್ಟು. ಕಂಪ್ಯೂಟರಿನ ತೂತು ಮುಚ್ಚಿದೆ. ಉಳಿದಿರುವುದು ಅವನ ಕೈಗೆ ಎಟುಕುವ ಜಾಗದಲ್ಲಿಲ್ಲ.

ಆ ಡೈರಿಗೆ ಹಾಲು ಹಾಕುವವರೇ, ನೀವು ಇದನ್ನು ಓದುತ್ತೀರೆಂದು ನನಗೆ ಗೊತ್ತು. ನಿಮ್ಮ ಕಣ್ಣಾರೆ ನೋಡಿದ್ದೀರಿ, ಅದೇ ಲೋಟ, ಅದೇ ಹಾಲು. ಪಾಪ ಅಂದುಕೊಂಡಿದ್ದು ಸಾಕು. ನಾಳೆ ಬೆಳಿಗ್ಗೆ ಸಾಲಿನಲ್ಲಿ ನಿಂತು, ಸುನಿತಾಳನ್ನು ಕರೆಸಿ ಎಂದು ವೀರಭದ್ರಯ್ಯನವರ ಮುಖ ನೋಡಿ ಹೇಳಿ. ಅವಳು ಬಂದು ಆ ಕುರ್ಚಿಯಲ್ಲಿ ಕೂರುವ ತನಕ ನಿಮ್ಮ ಕ್ಯಾನಿನ ಮುಚ್ಚಳ ತೆಗೆಯಬೇಡಿ.